ಮೈಸೂರಿನ ಗಾಡಿ, ಕಬ್ಬಿನ ರಸ್ತೆ: ಹಳೆ ಯೆಜ್ಡಿ ಮತ್ತೆ ಓಡಬೇಕಾದರೆ

ಹಳೆ ಮೋಟಾರ್ ಸೈಕಲ್‌ಗಳಿಗೆ ಈಗ ಒಳ್ಳೆಯ ಕಾಲ ಬಂದಿದೆ. ಒಂದು ಕಾಲಕ್ಕೆ ಗುಜರಿಯವರು ತೂಕಕ್ಕೆ ಹಾಕಿ ಒಯ್ಯುತ್ತಿದ್ದ ಜಾವಾ, ಯೆಜ್ಡಿ, ರಾಜದೂತ್, ಆರ್‌ಎಕ್ಸ್ 100 ಗಾಡಿಗಳನ್ನು ಇಂದು ಹುಡುಗರು ಊರೂರು ಹುಡುಕುತ್ತಿದ್ದಾರೆ. ದನದ ಕೊಟ್ಟಿಗೆಯ ಮೂಲೆಯಲ್ಲಿ, ಕಣಿಕೆ ಬಣವೆಯ ಮಗ್ಗುಲಲ್ಲಿ ತಾಡಪತ್ರಿ ಹೊದ್ದು ಮಲಗಿದ್ದ ಗಾಡಿಗಳು ಹೊರಗೆ ಬರುತ್ತಿವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯೂ ಇದಕ್ಕೆ ಹೊರತಲ್ಲ.

ಗಾಡಿ ಹೊರಗೆ ಬಂದ ಕೂಡಲೇ ಒಂದು ವಾದ ಶುರುವಾಗುತ್ತದೆ. ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಮಾಡಬೇಕೋ, ಇಲ್ಲಾ ಇವತ್ತಿನ ರಸ್ತೆಗೆ ತಕ್ಕಂತೆ ಬದಲಿಸಬೇಕೋ? ಒಬ್ಬರು 'ಒರಿಜಿನಲ್' ಎನ್ನುತ್ತಾರೆ, ಇನ್ನೊಬ್ಬರು 'ಅಪ್‌ಗ್ರೇಡ್' ಎನ್ನುತ್ತಾರೆ. ಈ ವಾದಕ್ಕೆ ಉತ್ತರ ಆ ಗಾಡಿಯ ಚರಿತ್ರೆಯಲ್ಲೇ ಇದೆ ಎಂಬುದು ನಮ್ಮ ಅಭಿಪ್ರಾಯ. ಅದಕ್ಕಾಗಿ ನಮ್ಮ ರಾಜ್ಯದಲ್ಲೇ ಹುಟ್ಟಿ, ನಮ್ಮ ರಸ್ತೆಗಳಲ್ಲೇ ಹಣ್ಣಾದ ಯೆಜ್ಡಿಯ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಪ್ರಾಗ್‌ನಿಂದ ಯಾದವಗಿರಿಗೆ

ಕಥೆ ಯುರೋಪಿನ ಚೆಕೊಸ್ಲೊವಾಕಿಯಾದಲ್ಲಿ ಶುರುವಾಗುತ್ತದೆ. ಪ್ರಾಗ್ ನಗರದಲ್ಲಿ ಬಂದೂಕು, ಮದ್ದುಗುಂಡು ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಮೋಟಾರ್ ಸೈಕಲ್ ವ್ಯವಹಾರಕ್ಕೆ ಇಳಿದ. ಜರ್ಮನಿಯ ವಾಂಡರರ್ ಕಂಪನಿ ತನ್ನ ಮೋಟಾರ್ ಸೈಕಲ್ ಕೆಲಸವನ್ನು ಕೈಬಿಡುವುದರಲ್ಲಿತ್ತು. ಅದರ ವಿನ್ಯಾಸವನ್ನು ಈತ ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ವಾಂಡರರ್‌ನ ಮೊದಲೆರಡು ಅಕ್ಷರ ಕೂಡಿಸಿ ಗಾಡಿಗೆ ಹೆಸರಿಟ್ಟ. ಅವರ ನಾಲಿಗೆಯಲ್ಲಿ ಅದು 'ಯಾವಾ', ನಮ್ಮ ನಾಲಿಗೆಯಲ್ಲಿ 'ಜಾವಾ'.

ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನ್ ಸೈನ್ಯ ಆ ದೇಶವನ್ನು ಆಕ್ರಮಿಸಿಕೊಂಡಿತ್ತು. ಆಗ ಜಾವಾ ಎಂಜಿನಿಯರ್‌ಗಳು ಗುಟ್ಟಾಗಿ ಒಂದು 250 ಸಿಸಿ ಗಾಡಿಯ ಕೆಲಸ ನಡೆಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ತೋರಿಸಿದಾಗ ಜನ ಬೆರಗಾದರು. ಅದರಲ್ಲಿದ್ದ ಒಂದು ಅನುಕೂಲ ಮುಂದೆ ಮೈಸೂರಿನ ಗಾಡಿಗಳಿಗೂ ಬಂತು: ಗೇರ್ ಕಡ್ಡಿಯನ್ನು ಕಾಲಿನಿಂದ ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತದೆ, ಕೈಯಲ್ಲಿ ಹಿಡಿಯಲೇಬೇಕೆಂದಿಲ್ಲ. ಯೆಜ್ಡಿ ಓಡಿಸಿದ ಹಿರಿಯರಿಗೆ ಇದು ಗೊತ್ತಿರುತ್ತದೆ. ಅದೇ ಗೇರ್ ಕಡ್ಡಿಯನ್ನು ಒಳಕ್ಕೆ ದೂಡಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ ಕಡ್ಡಿ. ಹೊಸಬರು ಈ ಗಾಡಿಯ ಕಿಕ್ ಎಲ್ಲಿದೆ ಎಂದು ಹುಡುಕಿ ಸುಸ್ತಾಗುವುದು ಇದೇ ಕಾರಣಕ್ಕೆ.

ಭಾರತಕ್ಕೆ ಮೊದಲು ಈ ಗಾಡಿಗಳು ಹೊರದೇಶದಿಂದ ಆಮದಾಗಿ ಬರುತ್ತಿದ್ದವು. ಆಮದಿನ ಮೇಲೆ ಸರ್ಕಾರ ಬಿಗಿ ಹಿಡಿದ ಮೇಲೆ ಇಲ್ಲೇ ತಯಾರಿಸುವ ಯೋಚನೆ ಬಂತು. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬರತೊಡಗಿದವು.

ಆ ಕಾಲದ ನಕಾಶೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿತ್ತು. 1948ರಲ್ಲಿ ಎರಡೂ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಕನ್ನಡ ನಾಡು ಒಂದಾದಾಗ ನಮ್ಮ ಸೀಮೆ ಮೈಸೂರು ರಾಜ್ಯದ ಪಾಲಾಯಿತು. ಅಂದರೆ ಯಾದವಗಿರಿಯ ಮೊದಲ ಜಾವಾ ಹೊರಬಂದಾಗ ನಾವು 'ಮೈಸೂರು ರಾಜ್ಯದವರು' ಆಗಿ ಐದೇ ವರ್ಷ ಆಗಿತ್ತು. ರಾಜ್ಯದ ಆ ತುದಿಯ ಕಾರ್ಖಾನೆಯ ಗಾಡಿ ಈ ತುದಿಯ ಹಳ್ಳಿಗೆ ಬಂದು, 'ನಮ್ಮ ಗಾಡಿ' ಎನಿಸಿಕೊಂಡದ್ದು ಸಣ್ಣ ಮಾತಲ್ಲ.

ಬದಲಾಗುತ್ತಲೇ ಬಂದ ಗಾಡಿ

ಈಗ 'ಒರಿಜಿನಲ್' ಎಂಬ ಮಾತಿಗೆ ಬರೋಣ. ಮೈಸೂರಿನಲ್ಲಿ ಮೊದಲು ಬಂದದ್ದು ಜಾವಾ 250. ಅದರ ಎಂಜಿನ್ ಎರಡು ಸ್ಟ್ರೋಕಿನದು, ಒಂದೇ ಸಿಲಿಂಡರ್, ಆದರೆ ಹೊಗೆ ಹೋಗಲು ಎರಡು ಸೈಲೆನ್ಸರ್. ಗಾಲಿ 16 ಇಂಚಿನದು. ಚೆಕ್ ದೇಶದ ಚಳಿಗೆ, ಅಲ್ಲಿನ ನುಣುಪಾದ ರಸ್ತೆಗೆ ಹುಟ್ಟಿದ ಗಾಡಿ ನಮ್ಮ ಬಿಸಿಲಿಗೆ, ಧೂಳಿಗೆ, ಎರಿ ಮಣ್ಣಿನ ಹಾದಿಗೆ ಹೊಂದಿಕೊಳ್ಳಬೇಕಾಯಿತು. ಬಿಡಿಭಾಗಗಳು ಒಂದೊಂದಾಗಿ ಇಲ್ಲೇ ತಯಾರಾಗತೊಡಗಿದವು.

ಚೆಕ್ ಕಂಪನಿಯ ಜೊತೆಗಿನ ಪರವಾನಗಿಯ ನಂಟು ಮುಗಿದ ಮೇಲೆ, 1973ರಿಂದ ಮೈಸೂರಿನ ಗಾಡಿಗಳು 'ಯೆಜ್ಡಿ' ಹೆಸರಿನಲ್ಲಿ ಬಂದವು. ಇರಾನ್ ದೇಶದ ಯಜ್ದ್ ನಗರದ ಹೆಸರಿನಿಂದ ಬಂದ ಹೆಸರು ಅದು. ಹೆಸರು ಬದಲಾಯಿತು, ಜೊತೆಗೆ ಗಾಡಿಯೂ ಬದಲಾಗುತ್ತ ಹೋಯಿತು. ಆಯಿಲ್ ಕಿಂಗ್ ಎಂಬ ಮಾದರಿಯಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸುವ ತಾಪತ್ರಯ ತಪ್ಪಿಸಲು ಬೇರೆ ಪಂಪ್ ಕೊಟ್ಟರು. ನಂತರ ಕ್ಲಾಸಿಕ್, ಡೀಲಕ್ಸ್, ಸಿಎಲ್ 2, ಮೊನಾರ್ಕ್ ಎಂದು ಸಾಲಾಗಿ ಬಂದವು. 60 ಸಿಸಿಯ ಪುಟ್ಟ ಜೆಟ್, ಕೋಲ್ಟ್ ಗಾಡಿಗಳೂ ಅದೇ ಕಾರ್ಖಾನೆಯ ಮಕ್ಕಳು.

1978ರಲ್ಲಿ ಬಂದದ್ದು ರೋಡ್‌ಕಿಂಗ್. ನಮ್ಮ ರಾಜ್ಯದಲ್ಲಿ ಹುಟ್ಟಿದ ಗಾಡಿಗಳಲ್ಲಿ 'ಸ್ಪೋರ್ಟ್ಸ್ ಬೈಕ್' ಎನ್ನುವ ಮಾತಿಗೆ ಹತ್ತಿರ ಬರುವುದು ಇದೇ. 250 ಸಿಸಿ ವರ್ಗದ ಎಂಜಿನ್, 16 ಅಶ್ವಶಕ್ತಿ, 18 ಇಂಚಿನ ಗಾಲಿ, ಹಳೆ ಜಾವಾದ ದುಂಡು ಮೈಗೆ ಬದಲು ತೆಳ್ಳಗಿನ ಮೈಕಟ್ಟು. ಚೆಕೊಸ್ಲೊವಾಕಿಯಾದ ಇನ್ನೊಂದು ಕಾರ್ಖಾನೆ ಚೆಜೆಟ್‌ನ ಬೈಕುಗಳು 1960ರ ದಶಕದಲ್ಲಿ ಮಣ್ಣಿನ ಮೇಲಿನ ಮೋಟೋಕ್ರಾಸ್ ರೇಸುಗಳಲ್ಲಿ ಹೆಸರು ಮಾಡಿದ್ದವು. ಬೆಲ್ಜಿಯಂನ ಜೋಯೆಲ್ ರೋಬರ್ 1964ರಲ್ಲಿ ಅದೇ ಕಂಪನಿಯ 250 ಸಿಸಿ ಬೈಕಿನ ಮೇಲೆ ವಿಶ್ವ ಚಾಂಪಿಯನ್ ಆಗಿದ್ದ. ರೋಡ್‌ಕಿಂಗ್ ಅಭಿಮಾನಿಗಳು ತಮ್ಮ ಗಾಡಿಯ ಬೇರನ್ನು ಆ ರೇಸ್ ಬೈಕುಗಳಲ್ಲಿ ಕಾಣುತ್ತಾರೆ.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. 1961ರ ಜಾವಾ ಮತ್ತು ಕೊನೆಯ ಕಾಲದ ರೋಡ್‌ಕಿಂಗ್ ಅಕ್ಕಪಕ್ಕ ನಿಲ್ಲಿಸಿದರೆ ಅಜ್ಜ ಮೊಮ್ಮಗ ನಿಂತಂತೆ ಕಾಣುತ್ತದೆ. ಗಾಲಿ, ಟಾಕಿ, ಲೈಟ್ ಎಲ್ಲವೂ ಬೇರೆ ಬೇರೆ. ಕಾರ್ಖಾನೆಯೇ 35 ವರ್ಷ ಆ ಗಾಡಿಯನ್ನು ರಸ್ತೆಗೆ ತಕ್ಕಂತೆ ಬದಲಿಸುತ್ತ ಬಂತು. ಹಾಗಿದ್ದ ಮೇಲೆ ರಸ್ತೆಗಾಗಿ ಮಾಡುವ ಬದಲಾವಣೆ ಗಾಡಿಗೆ ಮಾಡುವ ದ್ರೋಹ ಎನ್ನಲು ಬರುವುದಿಲ್ಲ. ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು ಎಂಬುದಷ್ಟೇ ಉಳಿಯುವ ಪ್ರಶ್ನೆ.

ಕಾರ್ಖಾನೆ ಯಾಕೆ ನಿಂತಿತು?

1980ರ ದಶಕದ ನಡುವೆ ಜಪಾನಿನ ಕಂಪನಿಗಳು ಭಾರತದವರ ಜೊತೆ ಕೈಜೋಡಿಸಿ 100 ಸಿಸಿ ಗಾಡಿಗಳನ್ನು ತಂದವು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಅದು ನಾಲ್ಕು ಸ್ಟ್ರೋಕಿನ ಗಾಡಿ. ಲೀಟರಿಗೆ 80 ಕಿಲೋಮೀಟರ್ ಎಂದು ಜಾಹೀರಾತು ಸಾರುತ್ತಿತ್ತು. ಲೀಟರಿಗೆ 30ರ ಆಸುಪಾಸು ಕೊಡುವ ಯೆಜ್ಡಿ ಅದರ ಮುಂದೆ ಆನೆ ಸಾಕಿದಂತೆ ಕಂಡಿತು. ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಬಂತು. ಅದೂ ಎರಡು ಸ್ಟ್ರೋಕಿನದೇ, ಆದರೆ ಹಗುರ. 98 ಸಿಸಿ ಎಂಜಿನ್ 11 ಅಶ್ವಶಕ್ತಿ ಕೊಡುತ್ತಿತ್ತು. ಹರೆಯದವರ ಕಣ್ಣು ಅತ್ತ ಹೊರಳಿತು.

ಇನ್ನೊಂದು ಹೊಡೆತ ಹೊಗೆಯ ನಿಯಮದಿಂದ ಬಿತ್ತು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಸುಟ್ಟ ಹೊಗೆಯನ್ನು ಹೊರದೂಡುವ ಕೆಲಸವನ್ನು ಹೊಸದಾಗಿ ಬರುವ ಪೆಟ್ರೋಲ್-ಗಾಳಿಯ ಮಿಶ್ರಣವೇ ಮಾಡುತ್ತದೆ. ಆ ಗಡಿಬಿಡಿಯಲ್ಲಿ ಸುಡದ ಪೆಟ್ರೋಲಿನ ಒಂದು ಪಾಲು ಹೊಗೆಯ ಜೊತೆ ಸೈಲೆನ್ಸರ್ ಸೇರುತ್ತದೆ. ಜೊತೆಗೆ ಪೆಟ್ರೋಲಿನಲ್ಲಿ ಬೆರೆತ ಆಯಿಲೂ ಸುಡುತ್ತದೆ. ನೀಲಿ ಹೊಗೆ ಬರುವುದು ಅದಕ್ಕೇ. 1996ರ ನಿಯಮದಂತೆ ದ್ವಿಚಕ್ರ ವಾಹನವೊಂದು ಕಿಲೋಮೀಟರಿಗೆ 4.5 ಗ್ರಾಂಗಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಬಿಡುವಂತಿರಲಿಲ್ಲ. 2000ದ ನಿಯಮ ಅದನ್ನು 2 ಗ್ರಾಂಗೆ ಇಳಿಸಿತು. ಹಳೆಯ ವಿನ್ಯಾಸಕ್ಕೆ ಈ ಗೆರೆ ದಾಟುವುದು ಕಷ್ಟವಿತ್ತು.

ಮಾರಾಟ ಕುಸಿಯಿತು, ಸಾಲ ಏರಿತು, ಕಾರ್ಮಿಕರ ತಂಟೆಗಳೂ ಸೇರಿದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಿಕೆ ನಿಂತಿತು. ಮರುವರ್ಷ, 1997ರಲ್ಲಿ, ವಿಜಯಪುರ ಜಿಲ್ಲೆಯಿಂದ ಬೇರೆಯಾಗಿ ನಮ್ಮ ಬಾಗಲಕೋಟೆ ಜಿಲ್ಲೆ ಹುಟ್ಟಿತು. ಅಂದರೆ ಬಾಗಲಕೋಟೆ ಜಿಲ್ಲೆಯ ಹೆಸರಿನಲ್ಲಿ ಹೊಸ ರೋಡ್‌ಕಿಂಗ್ ಕೊಂಡವರು ಇಲ್ಲವೆಂದೇ ಹೇಳಬೇಕು.

2018ರ ನವೆಂಬರಿನಲ್ಲಿ ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ತಂದಿತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಹೊಸ ಜಾವಾ ನಾಲ್ಕು ಸ್ಟ್ರೋಕಿನದು, 293 ಸಿಸಿ, ಎಂಜಿನ್ ತಂಪಾಗಿಸಲು ನೀರಿನ ವ್ಯವಸ್ಥೆ ಇದೆ, ಡಿಸ್ಕ್ ಬ್ರೇಕ್ ಇದೆ. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಯೆಜ್ಡಿ ಹೆಸರಿನ ಹಕ್ಕು ಯಾರದು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಹೆಸರು ಮರಳಿತು, ಮೈಸೂರಿನ ಕಾರ್ಖಾನೆ ಮರಳಲಿಲ್ಲ.

ಗಾಡಿ ಉಳಿಸಿದ ಕೈಗಳು

ಕಂಪನಿ ಬಾಗಿಲು ಹಾಕಿದ ಗಾಡಿ ಮೂವತ್ತು ವರ್ಷ ರಸ್ತೆಯ ಮೇಲೆ ಉಳಿಯಬೇಕಾದರೆ ಯಾರೋ ಅದನ್ನು ಉಳಿಸಿರಬೇಕು. ತಾಲ್ಲೂಕು ಕೇಂದ್ರಗಳ ಗ್ಯಾರೇಜಿನ ಮಿಸ್ತ್ರಿಗಳು, ಬೋರಿಂಗ್ ಅಂಗಡಿಯವರು, ಲೇತ್ ಹಿಡಿದವರು ಅದನ್ನು ಉಳಿಸಿದರು. ಸಿಗದ ಬುಶ್ಶನ್ನು ಲೇತಿನಲ್ಲಿ ಕಡೆದರು. ಸವೆದ ಸಿಲಿಂಡರನ್ನು ಒಂದು ಸೈಜು ದೊಡ್ಡದಾಗಿ ಕೊರೆದು ಅದಕ್ಕೆ ತಕ್ಕ ಪಿಸ್ಟನ್ ಕೂರಿಸಿದರು. ಸದ್ದು ಕೇಳಿಯೇ ಬೇರಿಂಗ್ ಹೋಗಿದೆಯೋ, ಪಾಯಿಂಟ್ ಕೆಟ್ಟಿದೆಯೋ ಹೇಳುವ ವಿದ್ಯೆ ಅವರದು. ಅದಕ್ಕೆ ಪುಸ್ತಕವಿಲ್ಲ.

ಸರ್ಕಾರದ ದಾರಿ ಕಾಯದೆ ಕೆಲಸ ಮುಗಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ. ಚಿಕ್ಕಪಡಸಲಗಿಯ ಬ್ಯಾರೇಜ್ ಅದಕ್ಕೆ ಸಾಕ್ಷಿ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ದುಡ್ಡು ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಅಡ್ಡ ಕಟ್ಟಿದ ಆ ಬ್ಯಾರೇಜಿಗೆ 'ಶ್ರಮಬಿಂದು ಸಾಗರ' ಎಂದೇ ಹೆಸರು. ಆ ನೀರು ಬಂದ ಮೇಲೆ ಹೊಲಗಳಲ್ಲಿ ಕಬ್ಬು ಏರಿತು, ಕಬ್ಬಿನ ಜೊತೆ ರಸ್ತೆಯೂ ಬದಲಾಯಿತು. ಇಂದು ಹಳೆ ಗಾಡಿ ಓಡಬೇಕಾಗಿರುವುದು ಆ ಬದಲಾದ ರಸ್ತೆಯ ಮೇಲೆ. ಅದಕ್ಕಾಗಿ ಮುಂದಿನ ಮಾತುಗಳನ್ನು ಸ್ವಲ್ಪ ಲಕ್ಷ್ಯಕೊಟ್ಟು ಓದಿ.

ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು

ಹಳೆ ಗಾಡಿ ಸಿಕ್ಕ ಕೂಡಲೇ ಹುಡುಗರ ಮನಸ್ಸು ಎಂಜಿನ್ ಮೇಲೆ ಹೋಗುತ್ತದೆ. ಪೋರ್ಟ್ ಅಗಲ ಮಾಡೋಣ, ದೊಡ್ಡ ಕಾರ್ಬ್ಯುರೇಟರ್ ಹಾಕೋಣ, ಸೈಲೆನ್ಸರ್ ಒಳಗಿನ ತಟ್ಟೆ ತೆಗೆಯೋಣ ಎಂಬ ಯೋಚನೆ. ಇದು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ರಾಜದೂತ್ 350 ಒಳ್ಳೆಯ ಪಾಠ. ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ 1983ರಿಂದ ಮಾರಿದ ಆ ಗಾಡಿಗೆ ಎರಡು ಸಿಲಿಂಡರ್ ಇದ್ದವು. ಮೊದಲ ಮಾದರಿಯಲ್ಲಿ 30.5 ಅಶ್ವಶಕ್ತಿ, ನಂತರದ್ದರಲ್ಲಿ 27. ಆ ಕಾಲದ ನಮ್ಮ ರಸ್ತೆಗೆ ಅದು ಚಿರತೆ. ಜಪಾನಿನಲ್ಲಿ ಅದರ ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಇತ್ತು. ಭಾರತದಲ್ಲಿ ಡ್ರಮ್ ಬ್ರೇಕ್ ಕೊಟ್ಟರು. ವೇಗ ಕೊಟ್ಟು ತಡೆ ಕಡಿಮೆ ಕೊಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ಸರಳವಿದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಎದುರಿಗೆ ಏನೋ ಕಂಡು, ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತೆನ್ನಿ. ಒಣ ರಸ್ತೆಯಲ್ಲಿ ಸಾಧಾರಣ ಬ್ರೇಕ್ ಹಿಡಿದರೆ ನಿಲ್ಲಲು ಇನ್ನೂ 12 ಮೀಟರ್ ಬೇಕು. ಒಟ್ಟು ಸುಮಾರು 23 ಮೀಟರ್. 80ರ ವೇಗದಲ್ಲಿ ಯೋಚನೆಗೇ 22 ಮೀಟರ್, ಬ್ರೇಕಿಗೆ ಸುಮಾರು 49 ಮೀಟರ್, ಒಟ್ಟು 71. ವೇಗ ಎರಡು ಪಟ್ಟು ಆದರೆ ಬ್ರೇಕಿನ ಕೆಲಸ ನಾಲ್ಕು ಪಟ್ಟು.

ಆದ್ದರಿಂದ ದುಡ್ಡು ಮೊದಲು ಬ್ರೇಕಿಗೆ ಹಾಕಿ. ವರ್ಷಗಟ್ಟಲೆ ನಿಂತ ಗಾಡಿಯ ಡ್ರಮ್ಮಿನೊಳಗೆ ತುಕ್ಕು ಇರುತ್ತದೆ, ಡ್ರಮ್ ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಲೇತಿನ ಮೇಲೆ ಅದನ್ನು ದುಂಡಗೆ ಮಾಡಿಸಿ, ಹೊಸ ಲೈನರ್ ಹಾಕಿಸಿ, ಕೇಬಲ್ ಬದಲಿಸಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಆ ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಟೈರು ನೋಡಲು ಚೆನ್ನಾಗಿದ್ದರೂ ಹತ್ತು ವರ್ಷ ಹಳೆಯದಾಗಿದ್ದರೆ ಬಿಸಾಡಿ. ರಬ್ಬರ್ ಗಟ್ಟಿಯಾದ ಟೈರು ಮಳೆಯಲ್ಲಿ ಸಾಬೂನಿನಂತೆ ಜಾರುತ್ತದೆ.

ಕಬ್ಬಿನ ಹಂಗಾಮು, 6 ವೋಲ್ಟ್ ಬೆಳಕು

ಎರಡನೆಯದು ಬೆಳಕು. ಹಿರೇಪಡಸಲಗಿಯ ಕಾರ್ಖಾನೆ ಇರಲಿ, ಸಮೀರವಾಡಿಯದಿರಲಿ, ಹಂಗಾಮು ಶುರುವಾಯಿತೆಂದರೆ ರಾತ್ರಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಎರಡೆರಡು ಟ್ರೇಲರ್, ಹಿಂದೆ ಕೆಂಪು ದೀಪವಿಲ್ಲ, ಎಷ್ಟೋ ಟ್ರೇಲರಿಗೆ ಹೊಳೆಯುವ ಪಟ್ಟಿಯೂ ಇಲ್ಲ. ಕೆಲವು ಪಂಕ್ಚರಾಗಿ ರಸ್ತೆಯಲ್ಲೇ ನಿಂತಿರುತ್ತವೆ. ಜಿಲ್ಲೆಯ ಸುದ್ದಿ ಬರೆಯುವ ನಮಗೆ ಪ್ರತಿ ಹಂಗಾಮಿನಲ್ಲೂ ಬರೆಯಲು ಕೈ ಬಾರದ ಸುದ್ದಿಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿಂತ ಟ್ರೇಲರಿಗೆ ಹಿಂದಿನಿಂದ ಗುದ್ದಿದ ದ್ವಿಚಕ್ರ ಸವಾರರವು.

ಹಳೆ ಜಾವಾದ ವಿದ್ಯುತ್ 6 ವೋಲ್ಟಿನದು. ಹೆಡ್‌ಲೈಟ್ 35 ವ್ಯಾಟ್ ಇದ್ದರೆ ಅದಕ್ಕೆ ಸುಮಾರು 5.8 ಆಂಪಿಯರ್ ಕರೆಂಟ್ ಬೇಕು. 12 ವೋಲ್ಟ್ ಇದ್ದರೆ 2.9 ಸಾಕು. ಹಳೆಯ ವೈರು, ತುಕ್ಕು ಹಿಡಿದ ಸ್ವಿಚ್ಚು ಸೇರಿ ಹಾದಿಯಲ್ಲಿ ಬರೀ 0.2 ಓಮ್ ಅಡ್ಡಿ ಇದ್ದರೂ, 6 ವೋಲ್ಟಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ. 12 ವೋಲ್ಟಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಜಾವಾದ ಲೈಟು ಮೇಣದ ಬತ್ತಿಯಂತೆ ಕಾಣುವುದರ ಗುಟ್ಟು ಇದೇ. ಎದುರಿಗೆ 30 ಮೀಟರ್ ಆಚೆ ಕಾಣದ ಬೆಳಕಿನಲ್ಲಿ 71 ಮೀಟರ್ ಬೇಕಾದ ವೇಗದಲ್ಲಿ ಹೋಗುವುದೆಂದರೆ ಕಣ್ಣು ಕಟ್ಟಿಕೊಂಡು ಓಡಿದಂತೆ.

ಮೊದಲು ಅಗ್ಗದ ಕೆಲಸ ಮಾಡಿ: ವೈರಿಂಗ್ ಪೂರ್ತಿ ಹೊಸದು ಹಾಕಿಸಿ, ಅರ್ಥಿಂಗ್ ಜಾಗಗಳನ್ನು ಉಜ್ಜಿ ಬಿಗಿಸಿ, ಫ್ಯೂಸ್ ಹಾಕಿಸಿ. ಆಮೇಲೆ 12 ವೋಲ್ಟಿಗೆ ಬದಲಿಸುವ ವಿಚಾರ. ಅದನ್ನು ಬಲ್ಲ ಎಲೆಕ್ಟ್ರಿಶಿಯನ್ ಕೈಯಲ್ಲೇ ಮಾಡಿಸಿ, ಏಕೆಂದರೆ ಡೈನಮೊ, ರೆಗ್ಯುಲೇಟರ್, ಬ್ಯಾಟರಿ, ಬಲ್ಬ್, ಹಾರ್ನ್ ಎಲ್ಲ ಒಂದಕ್ಕೊಂದು ಹೊಂದಬೇಕು. ಹಿಂದಿನ ಕೆಂಪು ದೀಪ ಮತ್ತು ಬ್ರೇಕ್ ದೀಪ ಮರೆಯಬೇಡಿ. ಕಿಡಿಗೆ ಹಳೆಯ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ವ್ಯವಸ್ಥೆ ಹಾಕಿಸಿದರೆ ಪದೇ ಪದೇ ಹೊಂದಿಸುವ ಕೆಲಸ ತಪ್ಪುತ್ತದೆ, ಮಳೆಯಲ್ಲೂ ಗಾಡಿ ಕೈಕೊಡುವುದು ಕಡಿಮೆ. ಸರ್ಕಾರವೇ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಹಗಲೂ ಉರಿಯಬೇಕು ಎಂದು ಮಾಡಿತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಹಳೆ ಗಾಡಿ ಓಡಬೇಕಾಗಿರುವುದು ಈ ಗಾಡಿಗಳ ನಡುವೆಯೇ. ಮುಂದಿನ ಹೊಸ ಬೈಕು ತಟ್ಟನೆ ನಿಲ್ಲುತ್ತದೆ, ನಿಮ್ಮದೂ ನಿಲ್ಲಬೇಕು.

ನಮ್ಮ ಕಬ್ಬೇ ಟಾಕಿಯೊಳಗೆ

ಮೂರನೆಯದನ್ನು ಬಹಳ ಜನ ಯೋಚಿಸುವುದಿಲ್ಲ. ಬಂಕಿನಲ್ಲಿ ಸಿಗುವ ಇಂದಿನ ಪೆಟ್ರೋಲ್ 1978ರ ಪೆಟ್ರೋಲ್ ಅಲ್ಲ. ಅದರಲ್ಲಿ ಎಥನಾಲ್ ಇದೆ. 2022ರಲ್ಲಿ ದೇಶದ ಪೆಟ್ರೋಲಿಗೆ ಶೇ 10 ಎಥನಾಲ್ ಬೆರೆಸುವ ಗುರಿ ಮುಟ್ಟಿತು, 2025ರ ಹೊತ್ತಿಗೆ ಅದು ಶೇ 20ಕ್ಕೆ ಏರಿತು. ಎಥನಾಲಿನ ದೊಡ್ಡ ಮೂಲಗಳಲ್ಲಿ ಕಬ್ಬು ಒಂದು. ನಮ್ಮ ಹೊಲದ ಬೆಳೆ ನಮ್ಮ ಗಾಡಿಯ ಟಾಕಿಗೇ ಮರಳಿ ಬಂದಿದೆ.

ರೈತನಿಗೆ ಇದರಿಂದ ಒಳ್ಳೆಯದೇ ಆಗಿರಬಹುದು. ಹಳೆ ಗಾಡಿಗೆ ಮಾತ್ರ ಮೂರು ತೊಂದರೆ. ಒಂದು, ಎಥನಾಲ್ ಹಳೆಯ ರಬ್ಬರ್ ಪೈಪು, ವಾಶರ್‌ಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಎರಡು, ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಟಾಕಿಯಲ್ಲಿ ನೀರು ತಳಕ್ಕೆ ಕೂತು ತುಕ್ಕು ಹಿಡಿಸುತ್ತದೆ. ಮೂರು, ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ. ಹಳೆಯ ಜೆಟ್ ಇದ್ದಂತೆಯೇ ಬಿಟ್ಟರೆ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ. ಎರಡು ಸ್ಟ್ರೋಕಿನ ಗಾಡಿಯಲ್ಲಿ ಹೆಚ್ಚು ಕಾದರೆ ಪಿಸ್ಟನ್ ಜಾಮ್. 60ರ ವೇಗದಲ್ಲಿ ಹಿಂದಿನ ಗಾಲಿ ಕಟ್ಟಿಕೊಂಡರೆ ಸವಾರನ ಗತಿ ಊಹಿಸಿ.

ಇದಕ್ಕೆ ಮದ್ದು ದುಬಾರಿಯಲ್ಲ. ಎಥನಾಲ್ ತಡೆಯುವ ಪೈಪು ಹಾಕಿಸಿ. ಮಿಸ್ತ್ರಿಗೆ ಪ್ಲಗ್ಗಿನ ಬಣ್ಣ ನೋಡಲು ಹೇಳಿ. ಬೆಳ್ಳಗಿದ್ದರೆ ಮಿಶ್ರಣ ತೆಳು, ಒಂದು ನಂಬರ್ ದೊಡ್ಡ ಜೆಟ್ ಬೇಕು. ಇಟ್ಟಿಗೆ ಕಂದು ಇದ್ದರೆ ಸರಿ. ಗಾಡಿ ಬಹಳ ದಿನ ನಿಲ್ಲುವುದಿದ್ದರೆ ಕಾರ್ಬ್ಯುರೇಟರ್ ಖಾಲಿ ಮಾಡಿ. ಪಂಪಿಲ್ಲದ ಗಾಡಿಯಾದರೆ ಲೀಟರಿಗೆ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ಒಳ್ಳೆಯ 2ಟಿ ಆಯಿಲ್ ಅಳೆದು ಹಾಕಿ, ಕಣ್ಣಂದಾಜು ಬೇಡ.

ಎಂಜಿನ್ ಬಿಚ್ಚಿದಾಗ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ಬದಲಿಸದೆ ಮುಚ್ಚಬೇಡಿ. ಈ ಎಂಜಿನ್ನಿನಲ್ಲಿ ಪೆಟ್ರೋಲ್ ಕ್ರ್ಯಾಂಕಿನ ಪೆಟ್ಟಿಗೆಯ ಮೂಲಕವೇ ಮೇಲಕ್ಕೆ ಹೋಗುತ್ತದೆ. ಒಣಗಿದ ಸೀಲಿನಿಂದ ಗಾಳಿ ಒಳನುಗ್ಗಿದರೆ ಮಿಶ್ರಣ ಮತ್ತೆ ತೆಳುವೇ. 2019ರ ಆಗಸ್ಟಿನ ಕೃಷ್ಣೆಯ ಮಹಾಪೂರದಲ್ಲಿ ನೀರು ಕುಡಿದ ಗಾಡಿಯಾಗಿದ್ದರೆ ಕ್ರ್ಯಾಂಕ್ ಬೇರಿಂಗ್ ತುಕ್ಕು ಹಿಡಿದಿರುವುದು ಬಹುತೇಕ ಖಚಿತ. ಬಿಚ್ಚಿ ನೋಡದೆ ಕಿಕ್ ಹೊಡೆಯಬೇಡಿ.

ಕಾಗದ ಇಲ್ಲದೆ ಗಾಡಿ ಇಲ್ಲ

ದುಡ್ಡು ಸುರಿಯುವ ಮೊದಲು ಆರ್‌ಸಿ ನೋಡಿ. ಎಂಜಿನ್ ನಂಬರ್, ಚಾಸಿ ನಂಬರ್ ಕಾಗದಕ್ಕೆ ಹೊಂದಬೇಕು. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ದ್ವಿಚಕ್ರ ವಾಹನದ ನವೀಕರಣ ಶುಲ್ಕ 300ರಿಂದ 1,000 ರೂಪಾಯಿಗೆ ಏರಿತು. ಇಂದಿನ ದರವನ್ನು ಆರ್‌ಟಿಒ ಕಚೇರಿಯಲ್ಲೇ ಕೇಳಿ ತಿಳಿಯಿರಿ.

'ವಿಂಟೇಜ್' ನೋಂದಣಿಯ ಬಗ್ಗೆ ಗೊಂದಲವಿದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ಮಾತ್ರ ಅದು ಸಿಗುತ್ತದೆ. 1960ರ ದಶಕದ ಜಾವಾ ಅದರಲ್ಲಿ ಬರುತ್ತದೆ. ರೋಡ್‌ಕಿಂಗ್ ಹುಟ್ಟಿದ್ದೇ 1978ರಲ್ಲಿ, ಆದ್ದರಿಂದ ಅತಿ ಹಳೆಯ ರೋಡ್‌ಕಿಂಗ್ ಕೂಡ 2028ರವರೆಗೆ ಕಾಯಬೇಕು. ಇನ್ನೊಂದು ಮಾತು, ವಿಂಟೇಜ್ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೆ, ಹೊಲಕ್ಕೆ, ಜಾತ್ರೆಗೆ ಓಡಿಸುವ ಆಸೆಯಿದ್ದರೆ ಸಾಮಾನ್ಯ ಆರ್‌ಸಿಯೇ ಬೇಕು.

ಬದಲಾವಣೆಗೂ ಗೆರೆ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ಗುಣಲಕ್ಷಣಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಹೇಳಿತು. ಬೇರೆ ಗಾಡಿಯ ಎಂಜಿನ್ ಕೂರಿಸುವುದು, ಚಾಸಿ ಕತ್ತರಿಸುವುದು, ಸೈಲೆನ್ಸರ್ ಕೊರೆದು ಊರು ನಡುಗಿಸುವುದು ಕೇಸಿಗೆ ದಾರಿ. ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಹಾಕಿಸುವ ಆಸೆಯಿದ್ದರೆ ಮೊದಲು ಜಮಖಂಡಿಯ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಬರಹದಲ್ಲೇ ಉತ್ತರ ಪಡೆಯಿರಿ. ಹಳೆಯ ಮುಂಗಾಲಿನ ಫೋರ್ಕ್ ಡಿಸ್ಕಿನ ಸೆಳೆತ ತಡೆಯುವುದೋ ಇಲ್ಲವೋ ಎಂಬುದನ್ನೂ ಬಲ್ಲವರಿಂದ ನೋಡಿಸಿ.

ಏನು ಉಳಿಸಬೇಕು

ಹಾಗಾದರೆ ಮುಟ್ಟಬಾರದ್ದು ಯಾವುದು? ಎರಡು ಸೈಲೆನ್ಸರಿನ ಆ ದುಡುದುಡು ಸದ್ದು, ಕಿಕ್ಕೂ ಆಗುವ ಗೇರ್ ಕಡ್ಡಿ, ತಾನೇ ಬಿಡುವ ಕ್ಲಚ್, ಎಂಜಿನ್ ಮೇಲಿನ ನಂಬರ್, ಟಾಕಿಯ ಆಕಾರ. ಇವು ಗಾಡಿಯ ಗುರುತು. ಬದಲಿಸಿ ತೆಗೆದ ಹಳೆ ಭಾಗಗಳನ್ನು, ಅದು ಕೆಟ್ಟ ಡೈನಮೊ ಆಗಿರಲಿ, ಸವೆದ ಕಾರ್ಬ್ಯುರೇಟರ್ ಆಗಿರಲಿ, ಗುಜರಿಗೆ ಹಾಕದೆ ಒಂದು ಪೆಟ್ಟಿಗೆಯಲ್ಲಿ ಎಣ್ಣೆ ಸವರಿ ಇಡಿ. ನಾಳೆ ಯಾರಿಗಾದರೂ ಅಳತೆಗೆ ಬೇಕಾಗುತ್ತದೆ.

ಕೆಲಸದ ಸರದಿ ಹೀಗಿರಲಿ: ಮೊದಲು ಕಾಗದ, ಎರಡನೆಯದು ಬ್ರೇಕು ಮತ್ತು ಟೈರು, ಮೂರನೆಯದು ಬೆಳಕು, ನಾಲ್ಕನೆಯದು ಎಂಜಿನ್ ಮತ್ತು ಪೆಟ್ರೋಲ್ ಪೈಪು, ಕಟ್ಟಕಡೆಗೆ ಬಣ್ಣ. ಬಹಳ ಜನ ಬಣ್ಣದಿಂದ ಶುರುಮಾಡುತ್ತಾರೆ, ಬ್ರೇಕಿಗೆ ಬರುವಷ್ಟರಲ್ಲಿ ಕೈ ಖಾಲಿ.

ಇನ್ನೊಂದು ಕೆಲಸಕ್ಕೆ ದುಡ್ಡು ಬೇಕಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ಅಭಿಮಾನಿಗಳು ತಮ್ಮ ಗಾಡಿಗಳ ದಿನ ಆಚರಿಸುತ್ತಾರೆ. ನಗರಗಳಲ್ಲಿ ಹೊಳೆಯುವ ಗಾಡಿಗಳ ಸಾಲು ನಿಲ್ಲುತ್ತದೆ. ನಮ್ಮ ಕಡೆ ಆ ದಿನ ಬೇರೆ ರೀತಿ ಆಗಬಹುದು. ನಿಮ್ಮ ಊರಲ್ಲಿ ಯೆಜ್ಡಿ ರಿಪೇರಿ ಮಾಡಿದ ಹಿರಿಯ ಮಿಸ್ತ್ರಿ ಇದ್ದರೆ ಹೋಗಿ ಕೂತು ಮಾತಾಡಿಸಿ. ಪಾಯಿಂಟಿನ ಸಂದು ಎಷ್ಟಿಡುತ್ತಿದ್ದರು, ಕ್ಲಚ್ ಹೇಗೆ ಹೊಂದಿಸುತ್ತಿದ್ದರು, ಯಾವ ಸದ್ದಿಗೆ ಯಾವ ರೋಗ ಎಂದು ಕೇಳಿ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಬಿಡಿಭಾಗಗಳನ್ನು ಎಲ್ಲಿಂದಲಾದರೂ ತರಿಸಬಹುದು. ಆ ವಯಸ್ಸಾದ ಕೈಗಳಲ್ಲಿರುವ ವಿದ್ಯೆ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.